ಎಂಬತ್ತಾರು ಊರಿಗೆ ಒಂದೇ ಅಂಕಿ

ಕುಪ್ಪುಸ್ವಾಮಿ ಕಣ್ಣಿನ ಆಪರೇಷನ್ನಿಗೆಂದು ಹದಿನೈದು ದಿನ ರಜೆ ಹಾಕದೇ ಇದ್ದಿದ್ದರೆ ಅರುಣಕುಮಾರಿ ಆ ಫೈಲಿಗೆ ಕೈ ಹಾಕುತ್ತಿರಲಿಲ್ಲ. ಹಾಕಲು ಅವರು ಬಿಡುತ್ತಲೂ ಇರಲಿಲ್ಲ. ಅವರು ರಜೆ ಹಾಕಿದರು, ಇವಳು ಕೈ ಹಾಕಿದಳು, ಎರಡೇ ವಾರದಲ್ಲಿ ಯಾರದೋ ಮನೆಯ ಸೊಸೆ ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಸಂಬಂಧ ಇದೆ. ಇಲ್ಲ ಅಂದುಕೊಂಡು ನೆಮ್ಮದಿಯಾಗಿರಲು ಅರುಣಕುಮಾರಿಯೂ ಕೆಲವು ದಿನ ನೋಡಿದಳು, ಆಗಲಿಲ್ಲ.

ಉರಿಗಾಂ ಸ್ಟೇಷನ್ನಿನ ಹಿಂದೆ, ಚಿನ್ನದ ಗಣಿ ಕಾಲದ ಒಂದು ಕಲ್ಲಿನ ಮನೆಯಲ್ಲಿ ಶ್ರೀಧರ್ ಅವರ ಕಂಪನಿ. ಕಂಪನಿ ಅಂದರೆ ನಾಲ್ಕು ಜನ, ಐದು ಕಂಪ್ಯೂಟರು, ಬೇಸಿಗೆಯಲ್ಲಿ ಕೈಕೊಡುವ ಒಂದು ಯುಪಿಎಸ್ಸು. ಹಳ್ಳಿಯ ಡೈರಿಗಳಲ್ಲಿ ಹಾಲನ್ನು ಪರೀಕ್ಷೆ ಮಾಡುವ ಪುಟ್ಟ ಯಂತ್ರ ಇರುತ್ತದಲ್ಲ, ಅದರೊಳಗಿನ ಪ್ರೋಗ್ರಾಂ ಮಾಡಿ ಕಳಿಸುವುದು ಇವರ ಕೆಲಸ. ಒಂದು ಖಾಸಗಿ ಹಾಲಿನ ಕಂಪನಿಯವರು ಸುತ್ತಮುತ್ತಲ ಎಂಬತ್ತಾರು ಊರುಗಳಲ್ಲಿ ಇವರ ಯಂತ್ರ ಇಟ್ಟಿದ್ದರು. ಕ್ಯಾಸಂಬಳ್ಳಿ ಹತ್ತಿರದ ಅರುಣಕುಮಾರಿಯ ಊರಲ್ಲೂ ಒಂದಿತ್ತು. ಆ ಡೈರಿಯನ್ನು ನೋಡಿಕೊಳ್ಳುವ ಸೆಕ್ರೆಟರಿ ಆಂಜನಪ್ಪ ಅವಳ ಅಪ್ಪನೇ. ಇಪ್ಪತ್ತಾರು ವರ್ಷದ ಹುಡುಗಿ ದಿನಾ ಸ್ಕೂಟಿಯಲ್ಲಿ ಉರಿಗಾಂಗೆ ಹೋಗಿ ಬಂದು ಮಾಡುತ್ತಿದ್ದಳು. ಮಗಳು ಮಾಡಿದ ಯಂತ್ರದಲ್ಲಿ ಅಪ್ಪ ಹಾಲು ನೋಡುತ್ತಾನೆ ಎಂದು ಊರಲ್ಲಿ ಅವರ ಮನೆಗೆ ಒಂದು ತೂಕ ಬಂದಿತ್ತು.

ಈ ಯಂತ್ರಗಳದ್ದು ಒಂದು ರಗಳೆ. ಒಂದೇ ಹಾಲಿನ ಗಟ್ಟಿತನವನ್ನು ಒಂದು ಯಂತ್ರ ಇಪ್ಪತ್ತೆಂಟು ಡಿಗ್ರಿ ಅಂದರೆ ಇನ್ನೊಂದು ಇಪ್ಪತ್ತಾರು ಅನ್ನುತ್ತದೆ. ಅದಕ್ಕೇ ಪ್ರತಿ ಊರಿನ ಯಂತ್ರಕ್ಕೂ ಒಂದೊಂದು ತಿದ್ದುಪಡಿ ಅಂಕಿ ಕೊಡಬೇಕು. ಇಪ್ಪತ್ತಾರರ ಕೆಳಗೆ ಬಂದರೆ ಹಾಲಿಗೆ ನೀರು ಬೆರೆಸಿದೆ ಅಂತ ಲೆಕ್ಕ. ಆದ್ದರಿಂದ ಈ ತಿದ್ದುಪಡಿ ಅಂಕಿ ಸಣ್ಣದಾದರೂ ಅದರ ಮೇಲೆ ಒಬ್ಬೊಬ್ಬರ ಮಾನ ನಿಂತಿರುತ್ತದೆ.

ಯಾವ ಊರಿಗೆ ಯಾವ ಅಂಕಿ ಸೇರಿಸಿ ಪ್ರೋಗ್ರಾಂ ತಯಾರಿಸಬೇಕು ಎಂದು ಕಂಪ್ಯೂಟರಿಗೆ ಹೇಳುವ ಫೈಲಿಗೆ ಆಫೀಸಿನಲ್ಲಿ ಬಿಲ್ಡ್ ಸ್ಕ್ರಿಪ್ಟ್ ಅನ್ನುತ್ತಿದ್ದರು. ಅದನ್ನು ಬರೆದವರು ಕುಪ್ಪುಸ್ವಾಮಿ. ಗಣಿ ಮುಚ್ಚುವವರೆಗೂ ಅಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ, ಆಮೇಲೆ ಕಂಡದ್ದೆಲ್ಲ ಕಲಿತು, ಅರವತ್ತು ದಾಟಿದ ಮೇಲೂ ಕೀಬೋರ್ಡನ್ನು ಎರಡೇ ಬೆರಳಿನಲ್ಲಿ ಒತ್ತುವ, ಮಾತಿನ ನಡುವೆ ತಮಿಳು ಬೆರೆಸುವ ಮನುಷ್ಯ. ಎಂಬತ್ತಾರು ಊರಿಗೆ ಎಂಬತ್ತಾರು ನಿಯಮ, ಒಂದೊಂದು ನಿಯಮ ನಾಲ್ಕು ಸಾಲು, ಎಲ್ಲವನ್ನೂ ಕೈಯಾರೆ ಬರೆದಿದ್ದರು. ನೋಡಿದರೆ ನಗು ಬರುತ್ತಿತ್ತು. ಊರಿನ ಹೆಸರು, ಅಂಕಿ ಬಿಟ್ಟರೆ ಅದೇ ನಾಲ್ಕು ಸಾಲು ಮುನ್ನೂರ ನಲವತ್ತನಾಲ್ಕನೇ ಸಾಲಿನವರೆಗೆ.

"ಸಾರ್, ಇದನ್ನೆಲ್ಲಾ ಒಂದು ಲೂಪ್ ಮಾಡಿ ತಾನೇ ಬರಕೊಳ್ಳೋ ಹಂಗೆ ಮಾಡ್ಬಹುದಲ್ವಾ?" ಎಂದು ಅರುಣಕುಮಾರಿ ಒಮ್ಮೆ ಕೇಳಿದ್ದಳು.

ಕುಪ್ಪುಸ್ವಾಮಿ ಮಾನಿಟರ್ ಮೇಲೆ ಅಂಟಿಸಿದ್ದ ಹಿತ್ತಾಳೆ ಬಿಲ್ಲೆಯೊಂದನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಅದು ಅವರಪ್ಪನದು. ಗಣಿಯೊಳಗೆ ಇಳಿಯುವವರೆಲ್ಲ ತಮ್ಮ ನಂಬರಿನ ಬಿಲ್ಲೆ ತಗೊಂಡು ಇಳಿಯಬೇಕು, ಮೇಲೆ ಬಂದು ತಾವೇ ಮೊಳೆಗೆ ತೂಗುಹಾಕಬೇಕು. "ಒಬ್ಬನ ಬಿಲ್ಲೆ ಇನ್ನೊಬ್ಬ ತೂಗಾಕಂಗಿಲ್ಲಮ್ಮಾ. ಸಂಜೆ ಮೊಳೆ ನೋಡಿದ್ರೆ ಯಾರು ಉಳ್ಳೇ ಇದ್ದಾನೆ, ಯಾರು ಮೇಲೆ ಬಂದ ಅಂತ ಗೊತ್ತಾಗ್ಬೇಕು. ಎಷ್ಟು ಜನಾನೋ ಅಷ್ಟು ಮೊಳೆ," ಎಂದರು. ಮುದುಕರ ಮಾತು ಅಂದುಕೊಂಡು ಅವಳು ತನ್ನ ಕೆಲಸಕ್ಕೆ ತಿರುಗಿದಳು.

ಅವರು ರಜೆಯಲ್ಲಿದ್ದಾಗ ಶ್ರೀಧರ್ ಏನೋ ಒಂದು ಹೊಸ ಬದಲಾವಣೆ ಹೇಳಿದರು. ಎಂಬತ್ತಾರು ಕಡೆ ತಿದ್ದಬೇಕು. ಬುದ್ಧಿವಂತರಿಗೆ ಒಂದೇ ಕೆಲಸವನ್ನು ಎಂಬತ್ತಾರು ಸಲ ಮಾಡು ಅಂದರೆ ಅವಮಾನವಾಗುತ್ತದೆ. ಅರುಣಕುಮಾರಿಗೂ ಆಯಿತು. ಊರುಗಳನ್ನೆಲ್ಲ ಒಂದು ಪಟ್ಟಿ ಮಾಡಿದಳು. ನಿಯಮಕ್ಕೆ ಒಂದೇ ಅಚ್ಚು ಬರೆದಳು. ಪಟ್ಟಿಯಲ್ಲಿರುವ ಒಂದೊಂದು ಊರನ್ನೂ ಎತ್ತಿಕೊಂಡು, ಅದರ ಅಂಕಿಯನ್ನು 'ತಿದ್ದುಪಡಿ' ಎಂಬ ಹೆಸರಿನಲ್ಲಿ ಇಟ್ಟು, ಅಚ್ಚಿಗೆ ಒತ್ತಿ ಒಂದೊಂದು ನಿಯಮ ತೆಗೆಯುವಂತೆ ಲೂಪ್ ಹಾಕಿದಳು. ಮುನ್ನೂರ ನಲವತ್ತನಾಲ್ಕು ಸಾಲು ಹೋಗಿ ಹತ್ತೊಂಬತ್ತು ಸಾಲು ಉಳಿಯಿತು. ಪರೀಕ್ಷೆಗೆಂದು ಪಟ್ಟಿಯಲ್ಲಿ ಒಂದೇ ಊರು ಇಟ್ಟುಕೊಂಡಳು, ತನ್ನ ಊರು. ಬಿಲ್ಡ್ ಮಾಡಿದಳು, ಅಂಕಿ ಸರಿಯಾಗಿ ಬಂತು. ಆಮೇಲೆ ಮಿಕ್ಕ ಎಂಬತ್ತೈದು ಊರು ಸೇರಿಸಿ, ಸೋಮವಾರ ಮಧ್ಯಾಹ್ನ ಎಲ್ಲ ಯಂತ್ರಗಳಿಗೂ ಹೊಸ ಪ್ರೋಗ್ರಾಂ ಕಳಿಸಿಬಿಟ್ಟಳು. ಯಂತ್ರದಲ್ಲೇ ಸಿಮ್ ಇತ್ತು, ಯಾರೂ ಹೋಗಬೇಕಾಗಿರಲಿಲ್ಲ. ಆವತ್ತು ಸ್ಕೂಟಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಹಾಡಿಕೊಂಡು ಬಂದಳು.

ಮಂಗಳವಾರ ಬೆಳಿಗ್ಗೆ ಅಕ್ಕಯ್ಯಮ್ಮನ ಹಾಲು ಬಿತ್ತು.

ಅಕ್ಕಯ್ಯಮ್ಮ ಇವರ ಮನೆಯಿಂದ ಮೂರನೇ ಮನೆಯವಳು. ಗಂಡ ಹೋದ ಮೇಲೆ ಇಪ್ಪತ್ತು ವರ್ಷ ಇದೇ ಡೈರಿಗೆ ಹಾಲು ಹಾಕಿ ಮಗನನ್ನು ಬೆಳೆಸಿದವಳು. ಮಗ ಬೈರೇಶ್ ಮಾಲೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟಿಗೆ ಹೋಗುತ್ತಾನೆ. ಎಂಟು ತಿಂಗಳ ಹಿಂದೆ ಬೂದಿಕೋಟೆಯಿಂದ ನವ್ಯಳನ್ನು ಸೊಸೆಯಾಗಿ ತಂದಿದ್ದರು. ಅತ್ತೆಯ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದರಿಂದ ಹಾಲು ಕರೆಯುವುದೆಲ್ಲ ನವ್ಯಳದೇ. ಅವರ ಸೀಮೆಹಸು ಈಚೆಗೆ ಕರು ಹಾಕಿತ್ತು. ಹಾಲು ಬೇಕಾದಷ್ಟು, ಆದರೆ ತೆಳು. ಯಾವಾಗಲೂ ಇಪ್ಪತ್ತೇಳರ ಮೇಲೆ ಹೋಗುತ್ತಿರಲಿಲ್ಲ. ಅವತ್ತು ಯಂತ್ರ ಇಪ್ಪತ್ತೈದು ತೋರಿಸಿತು. ಮಿಕ್ಕವರದ್ದೂ ಎರಡೆರಡು ಡಿಗ್ರಿ ಇಳಿದಿತ್ತು, ಆದರೆ ಅವರದ್ದು ಇಪ್ಪತ್ತೊಂಬತ್ತಿದ್ದದ್ದು ಇಪ್ಪತ್ತೇಳಾಯಿತು, ಅಷ್ಟೆ. ಬಿಸಿಲು ಬಂತು, ಹಸಿಹುಲ್ಲು ಕಡಿಮೆಯಾಯಿತು ಅಂದುಕೊಂಡು ಕ್ಯಾನ್ ಎತ್ತಿಕೊಂಡು ಹೋದರು. ಗೆರೆಯ ಕೆಳಗೆ ಬಿದ್ದದ್ದು ಅಕ್ಕಯ್ಯಮ್ಮನದೊಂದೇ.

ಬುಧವಾರವೂ ಬಿತ್ತು. ಗುರುವಾರವೂ ಬಿತ್ತು. ಹಿಂದೆಲ್ಲ ಗಾಜಿನ ಕಡ್ಡಿ ಹಾಲಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ಅದು ಒಡೆದು ಎರಡು ವರ್ಷವಾಗಿತ್ತು, ಯಂತ್ರ ಇದೆಯಲ್ಲ ಎಂದು ಯಾರೂ ಹೊಸದು ತಂದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅಕ್ಕಯ್ಯಮ್ಮ ಡೈರಿಯ ಜಗಲಿಯ ಮೇಲೆ ಕ್ಯಾನನ್ನು ಕುಕ್ಕಿ ನಿಂತಳು. ಆಫೀಸಿಗೆ ಹೊರಟಿದ್ದ ಅರುಣಕುಮಾರಿ ಅಪ್ಪನಿಗೆ ತಿಂಡಿ ಡಬ್ಬಿ ಕೊಡಲು ಅಲ್ಲಿಗೆ ಬಂದಿದ್ದಳು.

"ಆಂಜನಪ್ಪಾ, ಇಪ್ಪತ್ತೊರ್ಸ ಆಲು ಆಕಿದೀನಿ. ಒಂದಿನ ನೀರು ಅಂದವರಿಲ್ಲ. ನಾನು ಬೆರೆಸ್ತೀನೇನಯ್ಯ?"

"ನೀನು ಬೆರೆಸ್ತೀಯ ಅಂತ ಯಾರಂದ್ರಕ್ಕ? ಮಿಷನ್ನು ಏಳಿದ್ದು ನಾನು ಏಳ್ತೀನಿ," ಎಂದ ಆಂಜನಪ್ಪ.

ಹಾಲಿನ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತಿದ್ದ ಅರುಣಕುಮಾರಿಯ ತಾಯಿ ಚಿಕ್ಕಮುನಿಯಮ್ಮ, ಯಾರಿಗೂ ನೋವಾಗದ ಹಾಗೆ ಮಾತಾಡುತ್ತಿದ್ದೇನೆ ಎಂಬ ದನಿಯಲ್ಲಿ, "ಕರೆಯೋಳು ನೀನಲ್ವಲ್ಲಕ್ಕ," ಅಂದಳು.

ಆ ಒಂದು ಮಾತು ಸಾಕಾಯಿತು. ಎಲ್ಲರೂ ನವ್ಯಳ ಕಡೆ ತಿರುಗಿದರು. ಆ ಹುಡುಗಿ ಅತ್ತೆಯ ಹಿಂದೆ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ಅಕ್ಕಯ್ಯಮ್ಮ ಅರುಣಕುಮಾರಿಯನ್ನು ಕೇಳಿದಳು: "ಅರುಣಾ, ಓದಿದೋಳು ನೀನು. ನಿಜ ಏಳು. ಮಿಷನ್ನು ತಪ್ಪೇಳಕ್ಕಿಲ್ವಾ?"

ಅರುಣಕುಮಾರಿ ಅರೆಗಳಿಗೆ ಯೋಚಿಸಿದಳು. ಯೋಚಿಸಿದಳು ಅಂದರೆ ತನ್ನ ಹತ್ತೊಂಬತ್ತು ಸಾಲನ್ನು ನೆನೆಸಿಕೊಂಡಳು. "ಇಲ್ಲ ದೊಡ್ಡಮ್ಮ. ನಮ್ಮೂರಿಂದನ್ನೇ ನಾನು ಕೂತು ಪರೀಕ್ಷೆ ಮಾಡಿ ಕಳಿಸಿದ್ದು. ತಪ್ಪೇಳಲ್ಲ."

ನವ್ಯ ಅವಳ ಮುಖವನ್ನೇ ನೋಡಿದಳು. ಬೇಡಿಕೊಳ್ಳುವ ನೋಟವೂ ಅಲ್ಲ, ಸಿಟ್ಟೂ ಅಲ್ಲ. ಸಂತೆಯಲ್ಲಿ ಕೈ ಬಿಟ್ಟು ಹೋದ ಮಗು ನೋಡುವ ಹಾಗೆ ನೋಡಿದಳು. ಆಮೇಲೆ ತಾನೇ ಹೇಳಿದಳು: "ಕರ್ಪೂರ ತನ್ನಿ. ನಾನು ಆರಿಸ್ತೀನಿ."

ಡೈರಿಯ ಎದುರಿಗೇ ಬೇವಿನ ಮರದ ಬುಡದಲ್ಲಿ ಸಪ್ಪಲಮ್ಮನ ಕಲ್ಲು. ದನಕರು ಕಾಯುವ ತಾಯಿ ಅವಳು. ಹಸುವಿನ ವಿಷಯ, ಹಾಲಿನ ವಿಷಯ ಏನಿದ್ದರೂ ಅವಳ ಮುಂದೆ ಸುಳ್ಳು ನಡೆಯುವುದಿಲ್ಲ ಎಂದು ಆ ಕಡೆಯ ಊರುಗಳಲ್ಲೆಲ್ಲ ನಂಬಿಕೆ. ಕಲ್ಲಿನ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ನವ್ಯ ಎಡಗೈಯಲ್ಲಿ ಕರುವಿನ ಹಗ್ಗ ಹಿಡಿದು, "ಹಾಲಿಗೆ ನೀರು ಸೋಕಿಸಿಲ್ಲ ತಾಯಿ," ಎಂದು ಬಲಗೈಯನ್ನು ಉರಿಯ ಮೇಲೆ ಇಟ್ಟು ಒತ್ತಿದಳು. ಉರಿ ಆರಿತು. ಅಂಗೈಯಲ್ಲಿ ಕಪ್ಪು ಮಸಿ. ಅಕ್ಕಯ್ಯಮ್ಮನ ಕಣ್ಣಲ್ಲಿ ನೀರು ಬಂತು. ಸೊಸೆಯ ತಲೆ ಸವರಿ ಮನೆಗೆ ಕರೆದುಕೊಂಡು ಹೋದಳು. ಮಾರನೇ ದಿನ ನವ್ಯ ಹಾಲು ಕರೆಯುವಾಗ ಅತ್ತೆ ಹತ್ತಿರವೂ ಸುಳಿಯಲಿಲ್ಲ. ಆಣೆ ಇಟ್ಟವಳ ಮೇಲೆ ಕಾವಲು ನಿಂತರೆ ಅದು ದೇವರಿಗೇ ಮಾಡಿದ ಅವಮಾನ.

ಶನಿವಾರ ಯಂತ್ರ ಇಪ್ಪತ್ತೈದು ತೋರಿಸಿತು.

ನೀರು ಬೆರೆಸಿದ್ದು ಒಂದು ತಪ್ಪು, ಅದಕ್ಕೆ ಕ್ಷಮೆ ಇದೆ. ಸಪ್ಪಲಮ್ಮನ ಮುಂದೆ ಕರುವಿನ ಹಗ್ಗ ಹಿಡಿದು ಸುಳ್ಳು ಆಣೆ ಇಟ್ಟವಳಿಗೆ ಕ್ಷಮೆ ಎಲ್ಲಿ? ಆಂಜನಪ್ಪ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಅಕ್ಕಯ್ಯಮ್ಮನ ಹೆಸರು ಬರೆದ. ಹಲಗೆ ಮೇಲೆ ಹೆಸರು ಬಂದರೆ ಕೆಲವು ದಿನ ಹಾಲು ಹಾಕುವಂತಿಲ್ಲ, ಅದು ಅಲ್ಲಿಯ ಕಟ್ಟಳೆ. "ಬುಧವಾರ ಸಂಜೆ ತಕಂಡು ಬಾಕ್ಕ," ಎಂದ, ಅವಳ ಮುಖ ನೋಡದೆ.

ಭಾನುವಾರ ಬೆಳಿಗ್ಗೆ ಬೈರೇಶ್ ನವ್ಯಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೂದಿಕೋಟೆಗೆ ಬಿಟ್ಟು ಬಂದ. ಒಳ್ಳೆಯ ಹುಡುಗ. ಆದರೆ ಒಳ್ಳೆಯತನ ಅಂದರೆ ಅಮ್ಮನಿಗೂ ಎದುರಾಡದೆ ಹೆಂಡತಿಗೂ ಎದುರಾಡದೆ ಬೈಕ್ ಓಡಿಸುವುದು ಅಂದುಕೊಂಡಿದ್ದ. ಅರುಣಕುಮಾರಿ ಬಾಗಿಲಲ್ಲಿ ಹಲ್ಲುಜ್ಜುತ್ತ ಅವರು ಹೋಗುವುದನ್ನು ನೋಡಿದಳು. ಪಾಪ ಅನಿಸಿತು. ಯಾಕಾದರೂ ಬೆರೆಸಿದಳೋ ಅಂತಲೂ ಅನಿಸಿತು. ಮುಂದೆ ಅವಳನ್ನು ಬಹಳ ಕಾಡಿದ್ದು ಈ ಎರಡನೆಯದೇ.

ಬುಧವಾರ ಕುಪ್ಪುಸ್ವಾಮಿ ಕಪ್ಪು ಕನ್ನಡಕ ಹಾಕಿಕೊಂಡು ಆಫೀಸಿಗೆ ಬಂದರು. ತಮ್ಮ ಮುನ್ನೂರ ನಲವತ್ತನಾಲ್ಕು ಸಾಲು ಇಲ್ಲದ್ದನ್ನು ಕಂಡು ಬೈಯಲಿಲ್ಲ. "ಚೆನ್ನಾಗೈತೆ. ಆದ್ರೆ ಇದು ಏನೇನು ಬರೀತೈತೆ ಅಂತ ಒಂದ್ಸಲ ಪೇಪರಲ್ಲಿ ಕೊಡಮ್ಮಾ," ಎಂದರು. ಲೂಪ್ ಹುಟ್ಟಿಸುವ ಆಜ್ಞೆಗಳನ್ನು ಓಡಿಸದೆ ಬರೀ ಬರೆದು ತೋರಿಸು ಎಂದರೆ ಕಂಪ್ಯೂಟರು ತೋರಿಸುತ್ತದೆ. ಅವಳು ಪ್ರಿಂಟ್ ತೆಗೆದು ಕೊಟ್ಟಳು. ಅವರು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆರಳಿಟ್ಟುಕೊಂಡು ಒಂದೊಂದು ಸಾಲಾಗಿ ಇಳಿದರು. ಎರಡನೇ ಹಾಳೆಯಲ್ಲಿ ಬೆರಳು ನಿಂತಿತು.

"ಇದೆನ್ನಮ್ಮಾ? ಎಲ್ಲಾ ಊರಿಗೂ ಒಂದೇ ನಂಬರು?"

ಅರುಣಕುಮಾರಿ ನೋಡಿದಳು. ಊರಿನ ಹೆಸರುಗಳೆಲ್ಲ ಬೇರೆ ಬೇರೆ. ಅಂಕಿ ಮಾತ್ರ ಎಂಬತ್ತಾರು ಕಡೆಯೂ ಒಂದೇ. ಪಟ್ಟಿಯ ಕಟ್ಟಕಡೆಯ ಊರಿನದು.

ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ನಿಯಮದಲ್ಲಿ ಅವಳು ಆಯಾ ಊರಿನ ಅಂಕಿಯನ್ನು ಆಗಲೇ ಬರೆಸಿರಲಿಲ್ಲ. 'ತಿದ್ದುಪಡಿ ಎಷ್ಟು ಅಂತ ಕೆಲಸ ಮಾಡುವಾಗ ಕೇಳಿಕೋ' ಅಂತ ಬರೆಸಿದ್ದಳು. ಕಂಪ್ಯೂಟರು ಮೊದಲು ಪಟ್ಟಿಯ ಕೊನೆಯವರೆಗೂ ಓಡಿ ಎಲ್ಲ ನಿಯಮಗಳನ್ನೂ ಹುಟ್ಟಿಸಿ ಮುಗಿಸುತ್ತದೆ, ಕೆಲಸಕ್ಕೆ ಕೈ ಹಾಕುವುದು ಆಮೇಲೆ. ಅಷ್ಟು ಹೊತ್ತಿಗೆ ಆ ಹೆಸರಿನಲ್ಲಿ ಕೂತಿರುವುದು ಕೊನೆಯ ಊರಿನ ಅಂಕಿ. ಪರೀಕ್ಷೆ ಮಾಡುವಾಗ ಪಟ್ಟಿಯಲ್ಲಿದ್ದದ್ದು ಒಂದೇ ಊರು. ಮೊದಲನೆಯದೂ ಅದೇ, ಕೊನೆಯದೂ ಅದೇ. ತಪ್ಪು ಕಾಣಿಸಿಕೊಳ್ಳಲು ಜಾಗವೇ ಇರಲಿಲ್ಲ.

ಅವಳ ಕಣ್ಣ ಮುಂದೆ ಬಂದದ್ದು ಎಂಬತ್ತಾರು ಊರಲ್ಲ, ಮಸಿ ಹತ್ತಿದ ಒಂದು ಅಂಗೈ.

"ಒಬ್ಬನ ಬಿಲ್ಲೆ ಎಲ್ಲಾ ಮೊಳೆಗೂ ತೂಗಾಕ್ಬಿಟ್ಟಿದ್ದೀಯಮ್ಮಾ," ಎಂದರು ಕುಪ್ಪುಸ್ವಾಮಿ. ಗದರಿಸಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದರು.

ಶ್ರೀಧರ್ ಒಳಗಿನ ಕೋಣೆಯಿಂದ ಬಂದರು, ಕೇಳಿದರು, ಬಾಗಿಲು ಹಾಕಿದರು. "ಎಷ್ಟೊತ್ತಿನ ಕೆಲಸ ಸರಿ ಮಾಡೋಕೆ?"

"ಒಂದು ಚಿಹ್ನೆ ತೆಗೆದ್ರೆ ಸಾಕು ಸಾರ್."

"ತೆಗಿ. ಇವತ್ತೇ ಕಳಿಸು. ಯಾರಿಗೂ ಏನೂ ಹೇಳೋದು ಬೇಡ."

"ಊರೂರಿಗೂ ಸೊಲ್ಲಬೇಕು ಸಾರ್. ಹಾಲು ಹಾಕೋರು ಕಾಯ್ತಾ ಇರ್ತಾರೆ," ಎಂದರು ಕುಪ್ಪುಸ್ವಾಮಿ.

"ಹೇಳಿದ್ರೆ ನಾಳೆಯಿಂದ ಈ ಬಾಗಿಲು ತೆರೆಯಲ್ಲ. ನಾಲ್ಕು ಮನೆ ಒಲೆ ಇದರ ಮೇಲೆ ಉರೀತಿದೆ. ಅರುಣಾ, ನೀನೇ ಹೇಳು."

ಅರುಣಕುಮಾರಿ ಹೇಳಬೇಕಾದದ್ದು ಹೇಳಲಿಲ್ಲ. ಹೆದರಿಕೆಯಿಂದ ಅಲ್ಲ, ಅದಿದ್ದರೂ ಇತ್ತು ಅನ್ನಿ. ಅವಳ ತಲೆಯಲ್ಲಿ ಆಗ ಇದ್ದದ್ದು ಒಂದೇ: ಇವತ್ತು ಬುಧವಾರ, ಸಂಜೆ ಅಕ್ಕಯ್ಯಮ್ಮ ಹಾಲು ತರುತ್ತಾಳೆ, ಅಷ್ಟರೊಳಗೆ ಯಂತ್ರ ಸರಿಯಾಗಿರಬೇಕು. ಇನ್ನೊಂದು ಸಲ ಆ ಮುದುಕಿಯ ಹಾಲು ಬೀಳಬಾರದು. 'ಆಮೇಲೆ ಕೇಳಿಕೋ' ಎಂದು ಹೇಳುವ ಎರಡು ಡಾಲರ್ ಚಿಹ್ನೆಗಳಲ್ಲಿ ಒಂದನ್ನು ಅಳಿಸಿದಳು. ಪ್ರಿಂಟ್ ತೆಗೆದಳು. ಕುಪ್ಪುಸ್ವಾಮಿ ಎಂಬತ್ತಾರನ್ನೂ ಓದಿದರು. ಎರಡು ಗಂಟೆಗೆ ಹೊಸ ಪ್ರೋಗ್ರಾಂ ಹೊರಟಿತು. ಮೂರರ ಹೊತ್ತಿಗೆ ಅವಳ ಊರಿನ ಯಂತ್ರಕ್ಕೆ ತಲುಪಿತು ಎಂದು ಪರದೆ ತೋರಿಸಿತು. ಅವಳು ಸ್ಕೂಟಿ ಹತ್ತಿ ಓಡಿಬಂದಳು.

ಸಂಜೆ ಡೈರಿಯಲ್ಲಿ ಎಂದಿಗಿಂತ ಹೆಚ್ಚು ಜನ. ಹಾಲು ಹಾಕದವರೂ ನೋಡಲು ಬಂದಿದ್ದರು. ಅಕ್ಕಯ್ಯಮ್ಮ ಊದಿದ ಬೆರಳುಗಳಲ್ಲಿ ತಾನೇ ಕರೆದು ತಂದಿದ್ದಳು. ಹಿಡಿಕೆ ಹಿಡಿಯಲಾರದೆ ಕ್ಯಾನನ್ನು ಎದೆಗೊತ್ತಿಕೊಂಡು ಬಂದಳು. ಆಂಜನಪ್ಪ ಹಾಲು ತೆಗೆದು ಯಂತ್ರಕ್ಕೆ ಹಿಡಿದ. ಯಂತ್ರ ಕುಂಯ್‌ಗುಟ್ಟಿತು. ಇಪ್ಪತ್ತೇಳು.

ಅರುಣಕುಮಾರಿ ಉಸಿರು ಬಿಟ್ಟಳು. ಒಂದು ಗಳಿಗೆ, ಒಂದೇ ಗಳಿಗೆ, ಎಲ್ಲ ಸರಿಹೋಯಿತು ಅಂದುಕೊಂಡಳು.

"ನೋಡ್ದಾ," ಎಂದಿತು ಹಿಂದಿನಿಂದ ಒಂದು ದನಿ. "ಸೊಸೆ ಓದ್ಲು, ನೀರೂ ಓಯ್ತು."

ಯಾರೋ ನಕ್ಕರು. ಯಾರೋ ಲೊಚಗುಟ್ಟಿದರು. ಆ ಸಂಜೆ ಎಲ್ಲರ ಹಾಲೂ ಎರಡೆರಡು ಡಿಗ್ರಿ ಏರಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಂಜನಪ್ಪ ಕರಿಹಲಗೆಯ ಮೇಲಿನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅಕ್ಕಯ್ಯಮ್ಮ ಯಂತ್ರದ ಅಂಕಿಯನ್ನೇ ದಿಟ್ಟಿಸುತ್ತ ನಿಂತಿದ್ದಳು. ಅವಳ ಮುಖದಲ್ಲಿ ಸಂತೋಷ ಇರಲಿಲ್ಲ. ಅಲ್ಲಿಯವರೆಗೆ ಅವಳ ಮನಸ್ಸಿನ ಒಂದು ಮೂಲೆಯಲ್ಲಿ, ಸೊಸೆ ಮಾಡಿರಲಿಕ್ಕಿಲ್ಲ ಎಂಬ ಆಸೆ ಉಳಿದಿತ್ತು. ಅದು ಹೋಯಿತು.

ಅರುಣಕುಮಾರಿಗೆ ಆಗ ಪೂರ್ತಿ ಹೊಳೆಯಿತು. ತಾನು ಅವಸರ ಮಾಡದೆ ತಪ್ಪನ್ನು ಒಂದು ದಿನ ಹಾಗೇ ಬಿಟ್ಟಿದ್ದರೆ, ಅಕ್ಕಯ್ಯಮ್ಮ ತಾನೇ ಕರೆದ ಹಾಲೂ ಬೀಳುತ್ತಿತ್ತು. ನವ್ಯ ನಿರಪರಾಧಿ ಎಂದು ಯಾರೂ ಹೇಳದೆಯೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಆ ಹುಡುಗಿಗಿದ್ದ ಒಂದೇ ಸಾಕ್ಷಿಯನ್ನು ಮಧ್ಯಾಹ್ನ ಎರಡು ಗಂಟೆಗೆ ತನ್ನ ಕೈಯಾರೆ ಅಳಿಸಿದ್ದಳು.

"ಅಪ್ಪಾ, ಮಿಷನ್ನೇ ತಪ್ಪಾಗಿತ್ತು," ಎಂದಳು, ಎಲ್ಲರಿಗೂ ಕೇಳುವಂತೆ. "ನಾನು ತಪ್ಪು ಮಾಡಿದ್ದೆ. ಇವತ್ತು ಮಧ್ಯಾಹ್ನ ಸರಿ ಮಾಡಿ ಕಳಿಸಿದೆ. ನವ್ಯ ಏನೂ ಮಾಡಿಲ್ಲ."

ಎಲ್ಲರೂ ಅವಳತ್ತ ನೋಡಿದರು. ನಂಬಲಿಲ್ಲ ಎಂದು ಹೇಳುವುದು ಕೂಡ ಕಷ್ಟ, ಅಷ್ಟು ಮರುಕದಿಂದ ನೋಡಿದರು. ಡೈರಿಯ ಹಿರಿಯ ಸದಸ್ಯ ಮುನಿಸ್ವಾಮಪ್ಪ, ತೆಲುಗು ಬೆರೆಸದೆ ಒಂದು ಮಾತೂ ಆಡದ ಮನುಷ್ಯ, "ಊರುಕೋಮ್ಮಾ. ನೆರೆಮನೆ ಹುಡುಗಿ ಅಂತ ನಿಂಗೆ ಸಂಕ್ಟ. ಬಿಡು," ಎಂದ.

ಮನೆಗೆ ಬಂದ ಮೇಲೆ ಅವಳು ಎರಡು ಪ್ರಿಂಟುಗಳನ್ನೂ ಅಪ್ಪನ ಮುಂದೆ ಹಾಸಿದಳು, ತಪ್ಪಿನದೊಂದು, ಸರಿಯಾದದ್ದೊಂದು. ಬೆರಳಿಟ್ಟು ತೋರಿಸಿದಳು. ಆಂಜನಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ಶ್ರದ್ಧೆಯಿಂದಲೇ ನೋಡಿದ.

"ಇದ್ರಲ್ಲಿ ಆಲು ಎಲ್ಲೈತೆ?" ಎಂದ.

"ಹಾಲು ಇಲ್ಲಪ್ಪಾ, ಇದು ಅಂಕಿ..."

"ಅಲ್ಲ ಕಣಮ್ಮ, ನಾನೇನು ದಡ್ಡನಲ್ಲ. ತಪ್ಪಾಗಿದ್ರೆ ಎಲ್ರುದ್ದೂ ಬೀಳ್ಬೇಕಿತ್ತಲ್ಲ, ಅವಳ್ದೊಂದೇ ಯಾಕೆ ಬಿತ್ತು?"

ಅವಳು ಮತ್ತೆ ಹೇಳಿದಳು. ಎಲ್ಲರದ್ದೂ ಇಳಿದಿತ್ತು, ಅವರದ್ದು ಮೊದಲೇ ಗೆರೆಯ ಹತ್ತಿರ ಇತ್ತು. ಬೇಕಾದರೆ ಶ್ರೀಧರ್ ಅವರನ್ನು ಕೇಳಿ, ಹಳೇ ತಪ್ಪು ಪ್ರೋಗ್ರಾಮನ್ನೇ ಒಂದು ದಿನಕ್ಕೆ ನಮ್ಮೂರಿಗೆ ವಾಪಸು ಹಾಕಿಸುತ್ತೇನೆ, ಎಲ್ಲರ ಎದುರಿಗೆ ಬಿದ್ದು ತೋರಿಸಲಿ ಅಂದಳು. ಆಂಜನಪ್ಪ ಕನ್ನಡಕ ತೆಗೆದ.

"ಅಂದ್ರೆ ನಿಂಗೆ ಬೇಕಾದಾಗ ಬೀಳಿಸ್ತೀಯ, ಬೇಕಾದಾಗ ಏಳಿಸ್ತೀಯ. ಅದನ್ನ ನೋಡಿ ಜನ ಯಾವ್ದನ್ನ ನಂಬ್ಬೇಕು?"

ಆದರೂ ಅವಳು ಶ್ರೀಧರ್‌ಗೆ ಫೋನ್ ಮಾಡಿದಳು. ಬೇಕೂಂತಲೇ ತಪ್ಪು ಪ್ರೋಗ್ರಾಂ ಕಳಿಸುವುದಕ್ಕೆ ತಾನು ಹುಚ್ಚನಲ್ಲ ಎಂದು ಅವರು ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಅವಳ ಆಫೀಸಿನ ಪಾಸ್‌ವರ್ಡ್ ಕೆಲಸ ಮಾಡುವುದು ನಿಂತಿತು. ಚಿಕ್ಕಮುನಿಯಮ್ಮ ಅಡುಗೆಮನೆಯಿಂದ, "ನೀನೇ ತಪ್ಪು ಮಾಡ್ದೆ ಅಂತ ಊರಿಗೆಲ್ಲಾ ಸಾರ್ಕಂಡು ಬಂದ್ಯಾ? ನಾಳೆ ನಿನ್ನನ್ನ ಯಾರಮ್ಮ ಮನೆ ತುಂಬಿಸ್ಕೋತಾರೆ?" ಎಂದು ಅಳತೊಡಗಿದಳು.

ಗುರುವಾರ ಅವಳು ಆಫೀಸಿಗೆ ಹೋಗಲಿಲ್ಲ. ಬಂಗಾರಪೇಟೆಗೆ ಹೋಗಿ ಬೂದಿಕೋಟೆ ಬಸ್ಸು ಹಿಡಿದಳು. ನವ್ಯಳ ತಾಯಿ ಕನಕಮ್ಮ ಬಾಗಿಲಲ್ಲೇ ಇದ್ದಳು. ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ನವ್ಯ ಹಿತ್ತಲಲ್ಲಿ ಟೊಮೆಟೊ ರಾಶಿಯ ಮುಂದೆ ಕೂತು ದಪ್ಪದವನ್ನು ಒಂದು ಕ್ರೇಟಿಗೆ, ಸಣ್ಣವನ್ನು ಇನ್ನೊಂದಕ್ಕೆ ಹಾಕುತ್ತಿದ್ದಳು. ಅರುಣಕುಮಾರಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಲೂಪು, ಕೊನೆಯ ಅಂಕಿ, ಒಂದೇ ಊರಿನ ಪರೀಕ್ಷೆ, ಬುಧವಾರದ ಅವಸರ, ಒಂದನ್ನೂ ಬಿಡಲಿಲ್ಲ. ನವ್ಯಳ ಕೈ ನಿಲ್ಲಲಿಲ್ಲ.

"ನೀವು ಏಳ್ತಾ ಇರೋದು ನಂಗೆ ಅರ್ಥ ಆಗಲ್ಲಕ್ಕ," ಎಂದಳು ಕೊನೆಗೆ. "ನಾನು ಬೆರೆಸಿಲ್ಲ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತಲ್ಲ."

"ವಾಪಸ್ ಬಾ ನವ್ಯ. ನಾನು ಬಂದು ನಿಮ್ಮತ್ತೆಗೆ ಹೇಳ್ತೀನಿ."

"ಬರೋದು ಬಿಡೋದು ಆಮೇಲೆ. ಸಪ್ಪಲಮ್ಮನ ಮುಂದೆ ಸುಳ್ಳೇಳಿದೋಳು ಅಂತ ಒಂದು ಮಾತು ಬಂದೈತಲ್ಲ, ಅದು ಓಗ್ಬೇಕು. ಇಲ್ಲೂ ಬಂದ್ಬಿಟ್ಟೈತೆ ಆ ಮಾತು. ನಮ್ಮಮ್ಮನೂ ನನ್ನ ಕೈಲಿ ದೀಪ ಅಚ್ಚಿಸಲ್ಲ." ಅವಳು ಒಂದು ಕೊಳೆತ ಹಣ್ಣನ್ನು ಬೇಲಿಯಾಚೆ ಎಸೆದಳು. ಆಮೇಲೆ ಮೊದಲ ಸಲ ಅರುಣಕುಮಾರಿಯ ಮುಖ ನೋಡಿದಳು. "ಮಿಷನ್ನು ತಪ್ಪಂತ ನೀವು ಕರ್ಪೂರ ಆರಿಸ್ತೀರಾ ಅಕ್ಕ?"

"ಆರಿಸ್ತೀನಿ."

"ಎಲ್ರ ಮುಂದೆ?"

"ಎಲ್ಲರ ಮುಂದೆ," ಎಂದಳು ಅರುಣಕುಮಾರಿ. ಆ ಮಾತು ಹೇಳುವಾಗ ಅವಳಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಕಾಗದ ಓದಲು ಬಾರದವರಿಗೆ ಇದು ಓದಲು ಬರುತ್ತದೆ. ಇಷ್ಟು ಸುಲಭದ್ದು ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಬಸ್ಸಿನಲ್ಲಿ ತನ್ನನ್ನೇ ಬೈದುಕೊಂಡಳು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬೇವಿನ ಮರದ ಬುಡಕ್ಕೆ ಹೋದಳು. ಡೈರಿಯ ಮುಂದೆ ಸಾಲು ನಿಂತಿತ್ತು. ತಟ್ಟೆಯ ಮೇಲೆ ಕರ್ಪೂರ ಇಟ್ಟು ಹಚ್ಚಿದಳು. ಅಪ್ಪ ಒಳಗಿನಿಂದ, "ಅರುಣಾ, ಏನಮ್ಮ ಇದು, ಏಳು ಮೇಲೆ," ಎಂದು ಕೂಗಿದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕಯ್ಯಮ್ಮ ಸಾಲಿನ ಮಧ್ಯದಲ್ಲಿ ಕ್ಯಾನನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಯಂತ್ರದ್ದೇ ತಪ್ಪು ತಾಯಿ. ತಪ್ಪು ಮಾಡಿದೋಳು ನಾನು. ನವ್ಯ ಹಾಲಿಗೆ ನೀರು ಬೆರೆಸಿಲ್ಲ," ಎಂದು ಅರುಣಕುಮಾರಿ ಗಟ್ಟಿಯಾಗಿ ಹೇಳಿ ಅಂಗೈಯನ್ನು ಉರಿಯ ಮೇಲೆ ಇಟ್ಟು ಒತ್ತಿದಳು. ಅಷ್ಟು ಉರಿಯುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ನವ್ಯ ಅವತ್ತು ಮುಖ ಕೂಡ ಸಿಂಡರಿಸಿರಲಿಲ್ಲ. ಉರಿ ಆರಿತು. ಅವಳು ಮಸಿಯಾದ ಕೈಯನ್ನು ಎತ್ತಿ ಅಕ್ಕಯ್ಯಮ್ಮನಿಗೆ ತೋರಿಸಿದಳು.

ಅಕ್ಕಯ್ಯಮ್ಮ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿತ್ತು. ಕೋಪ ಎಳ್ಳಷ್ಟೂ ಇರಲಿಲ್ಲ.

"ಅವಳೂ ಇಂಗೇ ಆರಿಸಿದ್ಲು ಕಣಮ್ಮ. ಮಾರ್ನೆ ದಿನಾನೂ ಆಲು ಬಿತ್ತಲ್ಲ," ಎಂದಳು.

ಆಂಜನಪ್ಪ ಒಳಗಿನಿಂದ ಮುಂದಿನವರ ಹೆಸರು ಕರೆದ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅಕ್ಕಯ್ಯಮ್ಮನೂ ಕ್ಯಾನ್ ಎತ್ತಿಕೊಂಡು ಸರಿದಳು.